ಕ್ರಾಂಜಿಯ ಕಂಬ, ದೆಹಲಿಯ ಇಟ್ಟಿಗೆ, ನಮ್ಮ ಮನೆಯ ಎಡೆ

ನಮ್ಮ ಮನೆತನದಲ್ಲಿ ಇಬ್ಬರು ಯುದ್ಧದಲ್ಲಿ ತೀರಿಕೊಂಡಿದ್ದಾರೆ. ಮೊದಲನೆಯವರು ನನ್ನ ಅಜ್ಜನ ಅಣ್ಣ, ನಾವೆಲ್ಲ ದೊಡ್ಡಜ್ಜ ಎಂದು ಹೇಳಿಕೊಂಡು ಬಂದವರು. ಮೈಸೂರು ಸಂಸ್ಥಾನದ ಪದಾತಿ ದಳದ ಸಿಪಾಯಿಯಾಗಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿಂಗಾಪುರಕ್ಕೆ ಹೋಗಿ, ಅಲ್ಲಿ ಜಪಾನಿ ಸೇನೆಗೆ ಸೆರೆಸಿಕ್ಕು, ಮತ್ತೆ ಊರು ಕಾಣದವರು. ಎರಡನೆಯವರು ನನ್ನ ತಂದೆಯ ತಮ್ಮ. ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದು 1971ರ ಡಿಸೆಂಬರಿನಲ್ಲಿ ಪಶ್ಚಿಮದ ಗಡಿಯಲ್ಲಿ ಮಡಿದವರು. ಇಬ್ಬರೂ ಹುಟ್ಟಿದ್ದು ಜಗಳೂರು ಸೀಮೆಯ ಒಂದೇ ಊರಿನ ಒಂದೇ ಮನೆಯಲ್ಲಿ. ಇಬ್ಬರ ದೇಹವೂ ಆ ಮನೆಗೆ ಮರಳಲಿಲ್ಲ. ಅವರ ಹೆಸರುಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಚಿಕ್ಕಮ್ಮ ಹಾಗೆ ಕೇಳಿಕೊಂಡಿದ್ದಾರೆ, ಅವರ ಮಾತನ್ನು ಮೀರುವ ಹಕ್ಕು ನನಗಿಲ್ಲ.

ಇಬ್ಬರಲ್ಲಿ ಚಿಕ್ಕಪ್ಪನನ್ನು ಊರು ನೆನೆಯುತ್ತದೆ. ಆಗಸ್ಟ್ 15ರಂದು ಶಾಲೆಯ ಅಂಗಳದಲ್ಲಿ ಬಾವುಟ ಏರಿಸಿದ ಮೇಲೆ ಮುಖ್ಯೋಪಾಧ್ಯಾಯರು ಅವರ ಹೆಸರು ಹೇಳುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ದೊಡ್ಡಜ್ಜನ ಹೆಸರನ್ನು ಎಲ್ಲಿಯೂ ಯಾರೂ ಹೇಳುವುದಿಲ್ಲ. ನಮ್ಮ ಮನೆಯ ಹೊಸ ತಲೆಮಾರಿನ ಹುಡುಗರಿಗೆ ಅಂಥವರೊಬ್ಬರು ಇದ್ದರೆಂಬ ಸಂಗತಿಯೇ ತಿಳಿದಿರಲಿಲ್ಲ. ಕಾರಣ ಕೇಳಿದರೆ ಊರಿನ ತಿಳಿದವರೂ ಹೇಳುವುದು ಒಂದೇ ಮಾತು: ಅವರು ಬ್ರಿಟಿಷರಿಗಾಗಿ ಹೋರಾಡಲು ಹೋದವರಲ್ಲವೇ, ಅವರನ್ನು ಸ್ವಾತಂತ್ರ್ಯ ದಿನದಂದು ಹೇಗೆ ನೆನೆಯುವುದು? ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಬಾವುಟದ ಕೆಳಗೆ ಸತ್ತರು ಎಂಬ ಪ್ರಶ್ನೆ ಇತಿಹಾಸ ಬರೆಯುವವರಿಗೆ ಬೇಕು. ಮನೆಯವರು ತಮ್ಮವರನ್ನು ತಮ್ಮವರೆಂದು ನೆನೆಯುವುದಕ್ಕೆ ಆ ಪ್ರಶ್ನೆಯ ಅಪ್ಪಣೆ ಬೇಕಾಗಿಲ್ಲ.

ದೊಡ್ಡಜ್ಜ ಸೈನ್ಯಕ್ಕೆ ಸೇರಿದ್ದು ಸಾಮ್ರಾಜ್ಯದ ಮೇಲಿನ ಪ್ರೀತಿಯಿಂದಲ್ಲ ಎಂಬುದನ್ನು ನಮ್ಮ ಸೀಮೆಯನ್ನು ಬಲ್ಲವರು ಕೇಳದೆಯೇ ಊಹಿಸುತ್ತಾರೆ. ಮಳೆಯನ್ನೇ ನಂಬಿದ ಎರೆ ಮತ್ತು ಮಸಾರಿ ಹೊಲಗಳು, ಎರಡು ವರ್ಷ ಮಳೆ ಕೈಕೊಟ್ಟರೆ ಮೂರನೆಯ ವರ್ಷ ಬಿತ್ತನೆಯ ಜೋಳವೂ ಮಡಕೆಯಲ್ಲಿ ಉಳಿಯದ ಬದುಕು, ಸಾಲದ ಬಡ್ಡಿಗೆ ಎತ್ತು ಹೊಡೆದುಕೊಂಡು ಹೋಗುವ ಸಾಹುಕಾರ: ಇವುಗಳ ನಡುವೆ ತಿಂಗಳಿಗೊಮ್ಮೆ ತಪ್ಪದೆ ಬರುವ ಮನಿಯಾರ್ಡರ್ ಒಂದು ಮನೆಯನ್ನು ಉಳಿಸಬಲ್ಲದಾಗಿತ್ತು. ಅಜ್ಜ ಹೇಳುತ್ತಿದ್ದಂತೆ, ಒತ್ತೆ ಬಿದ್ದಿದ್ದ ನಮ್ಮ ಹೊಲ ಬಿಡುಗಡೆಯಾದದ್ದು ಆ ಹಣದಿಂದಲೇ. ಈಗಲೂ ನಮ್ಮವರು ಆ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಅದನ್ನು ಉಣ್ಣುವವರು ಅದನ್ನು ಉಳಿಸಿಕೊಟ್ಟವರ ಬಗ್ಗೆ ಅವರು ಯಾರ ಕಡೆಯವರು ಎಂದು ವಿಚಾರಣೆ ನಡೆಸುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಸಂಸ್ಥಾನದ ಸೈನ್ಯಗಳು ಮಹಾರಾಜರ ಅಧೀನದಲ್ಲಿದ್ದರೂ ಯುದ್ಧಕಾಲದಲ್ಲಿ ಬ್ರಿಟಿಷ್ ಇಂಡಿಯಾದ ಸೇನೆಯ ಜೊತೆಯಲ್ಲಿ ಹೊರದೇಶಗಳಿಗೆ ಹೋಗುತ್ತಿದ್ದವು. ಮೈಸೂರಿನ ಪದಾತಿ ದಳ ಹಾಗೆ ಸಿಂಗಾಪುರ ತಲುಪಿತ್ತು. 1941ರ ಡಿಸೆಂಬರ್ 8ರಂದು ಜಪಾನಿ ಸೇನೆ ಮಲಯಾದ ಕೋಟಾ ಬಾರು ತೀರದಲ್ಲಿ ಇಳಿಯಿತು. ಎಪ್ಪತ್ತು ದಿನ ತುಂಬುವುದರೊಳಗೆ, 1942ರ ಫೆಬ್ರವರಿ 15ರಂದು, ಸಿಂಗಾಪುರದಲ್ಲಿದ್ದ ಬ್ರಿಟಿಷ್ ಸೇನಾಪತಿ ಶರಣಾದ. ಎರಡು ದಿನಗಳ ನಂತರ 40,000ಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಫ್ಯಾರರ್ ಪಾರ್ಕ್ ಎಂಬ ಮೈದಾನದಲ್ಲಿ ಸೇರಿಸಿ ಜಪಾನೀಯರ ವಶಕ್ಕೆ ಒಪ್ಪಿಸಲಾಯಿತು. ಆಜಾದ್ ಹಿಂದ್ ಫೌಜಿಗೆ ಸೇರಲು ಕ್ಯಾಪ್ಟನ್ ಮೋಹನ್ ಸಿಂಗ್ ಕರೆ ಕೊಟ್ಟದ್ದು ಅಲ್ಲಿಯೇ. ಸೇರಿದವರು ಸಾವಿರಾರು ಮಂದಿ, ಸೇರದೆ ಸೆರೆಯಾಳುಗಳಾಗಿಯೇ ಉಳಿದವರೂ ಸಾವಿರಾರು ಮಂದಿ. ಹಾಗೆ ಉಳಿದವರಲ್ಲಿ ಅನೇಕರನ್ನು ಹಡಗುಗಳಲ್ಲಿ ತುಂಬಿ ನ್ಯೂ ಗಿನಿ, ನ್ಯೂ ಬ್ರಿಟನ್ ಮುಂತಾದ ದೂರದ ದ್ವೀಪಗಳಿಗೆ ಕೂಲಿಯ ತಂಡಗಳಾಗಿ ಒಯ್ದರು. ಅಲ್ಲಿ ವಿಮಾನ ಇಳಿಯುವ ಬಯಲುಗಳನ್ನು ಹದಗೊಳಿಸುವ, ಹೊರೆ ಇಳಿಸುವ, ಕಾಡು ಕಡಿಯುವ ಕೆಲಸ. ಹೊಟ್ಟೆಗಿಲ್ಲದೆ, ಮಲೇರಿಯಾ ಮತ್ತು ಆಮಶಂಕೆಯಿಂದ, ಕಾವಲುಗಾರರ ಹೊಡೆತದಿಂದ ಸತ್ತವರ ಕಥೆಗಳು ಯುದ್ಧ ಮುಗಿದ ಮೇಲೆ ಬದುಕಿ ಬಂದ ಕೆಲವರ ಬಾಯಿಂದ ಹೊರಬಂದವು. ನಮ್ಮ ಪಕ್ಕದ ಊರಿನವರೊಬ್ಬರು ಹಾಗೆ ಬದುಕಿ ಬಂದಿದ್ದರು. ದೊಡ್ಡಜ್ಜನನ್ನು ಸಿಂಗಾಪುರದ ಬಂದರಿನಲ್ಲಿ ಹಡಗು ಹತ್ತಿಸುವುದನ್ನು ನೋಡಿದ್ದಾಗಿ ಅವರು ನಮ್ಮ ಮನೆಗೆ ಬಂದು ಹೇಳಿ ಹೋದರು. ಅದಕ್ಕೂ ಮೊದಲು ಸರ್ಕಾರದಿಂದ ಬಂದಿದ್ದ ಕಾಗದದಲ್ಲಿ ಇದ್ದದ್ದು ಕಾಣೆಯಾಗಿದ್ದಾರೆ ಎಂಬ ಸುದ್ದಿ ಮಾತ್ರ.

ಆ ಸುದ್ದಿಯನ್ನು ಹಿಡಿದುಕೊಂಡೇ ದೊಡ್ಡಜ್ಜಿ ನಲವತ್ತು ವರ್ಷಕ್ಕೂ ಮಿಕ್ಕಿ ಬದುಕಿದರು. ಕಾಣೆಯಾದವರು ಸಿಗಬಹುದು ಎಂಬುದು ಅವರ ನಿಲುವು. ಅವರು ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ, ತಾಳಿ ಇಳಿಸಲಿಲ್ಲ. ಕೆಲವು ವರ್ಷಗಳ ನಂತರ ಪಿಂಚಣಿ ಎಂದು ಸ್ವಲ್ಪ ಹಣ ಬರತೊಡಗಿದಾಗ ಅದನ್ನು ಅವರು ಗಂಡನ ಸಂಬಳವೆಂದೇ ಕರೆದರು, ಕೊನೆಯ ತನಕ ಹಾಗೆಯೇ ಕರೆದರು. ಊರಿನ ಹೆಂಗಸರು ಮೊದಮೊದಲು ಮರುಗಿದರು, ಆಮೇಲೆ ಆಡಿಕೊಂಡರು, ಕೊನೆಗೆ ಒಪ್ಪಿಕೊಂಡು ಆರತಿಗೆ ಕರೆಯತೊಡಗಿದರು.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುತ್ತೇವೆ. ತೀರಿಕೊಂಡ ಹಿರಿಯರಿಗೆ ಹೊಸ ಪಂಚೆ, ಸೀರೆ ಇಟ್ಟು, ಹೋಳಿಗೆ, ಅನ್ನ, ಪಲ್ಯ, ಎಲೆ ಅಡಿಕೆ, ಬೀಡಿ ಸೇದುತ್ತಿದ್ದವರಿಗೆ ಬೀಡಿಯನ್ನೂ ಇಟ್ಟು, ಎಡೆ ಹಾಕಿ, ಹಿರಿಯರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ತೀರಿದ ತಿಥಿ ತಿಳಿಯದವರಿಗೂ ಈ ಅಮಾವಾಸ್ಯೆ ಸಲ್ಲುತ್ತದೆ. ಶಸ್ತ್ರದಿಂದ ಸತ್ತವರಿಗೆ ಅದರ ಹಿಂದಿನ ದಿನದ ಚತುರ್ದಶಿ ಎಂದು ಪಂಚಾಂಗ ಬಲ್ಲ ಹಿರಿಯರು ಹೇಳುವುದುಂಟು. ಆದರೆ ನಮ್ಮ ಮನೆಯಲ್ಲಿ ಅಷ್ಟು ಬಿಡಿಸಿ ನೋಡುವ ಪದ್ಧತಿ ಇಲ್ಲ, ಎಲ್ಲರಿಗೂ ಒಂದೇ ದಿನ. ಹಾಗಿದ್ದೂ ದೊಡ್ಡಜ್ಜನಿಗೆ ಎಡೆ ಹಾಕಲು ದೊಡ್ಡಜ್ಜಿ ಬಿಡಲಿಲ್ಲ. ಎಡೆ ಹಾಕಿದರೆ ಸತ್ತರೆಂದು ಮನೆಯೇ ಒಪ್ಪಿಕೊಂಡಂತೆ. ನನ್ನ ಅಜ್ಜಿ ಒಂದು ವರ್ಷ ಯಾರಿಗೂ ಹೇಳದೆ ಒಂದು ಎಲೆ ಹೆಚ್ಚಾಗಿ ಹಾಕಿದ್ದರಂತೆ; ದೊಡ್ಡಜ್ಜಿ ಎಲೆಗಳನ್ನು ಎಣಿಸಿ, ಒಂದನ್ನು ಎತ್ತಿ, ಅದರಲ್ಲಿದ್ದುದನ್ನು ತಾವೇ ಕುಳಿತು ಉಂಡರಂತೆ. ಓರಗಿತ್ತಿಯರಿಬ್ಬರೂ ಆ ದಿನ ಮಾತಾಡಲಿಲ್ಲ, ಮರುದಿನ ಎಂದಿನಂತೆ ಇಬ್ಬರೂ ಹೊಲಕ್ಕೆ ಹೋದರು.

ಮಕ್ಕಳಿಲ್ಲದ ದೊಡ್ಡಜ್ಜಿ ಸಾಕಿದ್ದು ನನ್ನ ಚಿಕ್ಕಪ್ಪನನ್ನು. ಅವರು ಹೆತ್ತ ತಾಯಿಗಿಂತ ಹೆಚ್ಚಾಗಿ ದೊಡ್ಡಮ್ಮನ ಸೆರಗು ಹಿಡಿದು ಬೆಳೆದವರೆಂದು ಅಪ್ಪ ಈಗಲೂ ಸ್ವಲ್ಪ ಅಸೂಯೆಯಿಂದಲೇ ಹೇಳುತ್ತಾರೆ. ಅದೇ ಹುಡುಗ ಹತ್ತೊಂಬತ್ತನೆಯ ವಯಸ್ಸಿಗೆ ದಾವಣಗೆರೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಹಲಸೂರು ಕೆರೆಯ ಬಳಿಯಿರುವ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ಭರ್ತಿಯಾದಾಗ ದೊಡ್ಡಜ್ಜಿ ಅನ್ನ ಬಿಟ್ಟು ಕುಳಿತರಂತೆ. ಆದರೆ ತಡೆಯಲಿಲ್ಲ. ಅವರು ಹೇಳಿದ ಮಾತು ಚಿಕ್ಕಮ್ಮನ ನೆನಪಿನಲ್ಲಿದೆ: "ಹಡಗು ಹತ್ತಬ್ಯಾಡ, ಅಷ್ಟೇ." ಮುಂದೆ ಚಿಕ್ಕಪ್ಪ ರೈಲುಗಳನ್ನಷ್ಟೇ ಹತ್ತಿದರು.

ಸ್ಯಾಪರ್‌ಗಳ ಕೆಲಸವನ್ನು ಹೊರಗಿನವರು ಹೆಚ್ಚಾಗಿ ಅರಿಯರು. ಸೇನೆ ಮುಂದೆ ಹೋಗುವ ಮೊದಲು ಸೇತುವೆ ಕಟ್ಟುವವರು, ದಾರಿ ಮಾಡುವವರು, ಶತ್ರು ನೆಲದಲ್ಲಿ ಹೂತಿಟ್ಟ ಸಿಡಿಮದ್ದಿನ ಮೈನುಗಳನ್ನು ಹುಡುಕಿ ತೆಗೆಯುವವರು ಅವರು. 1971ರ ಡಿಸೆಂಬರ್ 3ರಂದು ಯುದ್ಧ ಆರಂಭವಾದ ಮೇಲೆ ಪಾಕಿಸ್ತಾನದ ಶಕರ್‌ಗಢ ಭಾಗದಲ್ಲಿ ನಮ್ಮ 54ನೆಯ ಡಿವಿಷನ್ ಮುನ್ನುಗ್ಗಬೇಕಾದಲ್ಲೆಲ್ಲ ಆಳವಾದ ಮೈನು ಹೊಲಗಳು ಅಡ್ಡವಿದ್ದವು. ಬಸಂತರ್ ನದಿಯ ಆಚೆ ದಡಕ್ಕೆ ಟ್ಯಾಂಕುಗಳು ದಾಟಬೇಕಾದರೆ, ಡಿಸೆಂಬರ್ 15ರ ರಾತ್ರಿ, ಮೇಲೆ ಫಿರಂಗಿಯ ಗುಂಡು ಬೀಳುತ್ತಿರುವಾಗಲೇ, ಆ ಹೊಲಗಳ ನಡುವೆ ಒಂದು ಟ್ಯಾಂಕು ಹಾಯುವಷ್ಟು ಅಗಲದ ದಾರಿಯನ್ನು ತೆರೆಯಬೇಕಾಗಿತ್ತು. ಆ ಕದನವೆಂದರೆ ಜನರಿಗೆ ನೆನಪಾಗುವುದು ಪರಮವೀರ ಚಕ್ರ ಪಡೆದ ಇಪ್ಪತ್ತೊಂದರ ತರುಣ ಅರುಣ್ ಖೇತ್ರಪಾಲ್ ಮತ್ತು ಅವರ ಟ್ಯಾಂಕು. ಆ ನೆನಪು ಸಲ್ಲಬೇಕಾದದ್ದೇ. ಆದರೆ ಟ್ಯಾಂಕು ಹಾದ ದಾರಿಯನ್ನು ನೆಲಕ್ಕೆ ಮಂಡಿಯೂರಿ ತೆರೆದವರಲ್ಲಿ ಮದ್ರಾಸ್ ಸ್ಯಾಪರ್ಸ್‌ನವರಿದ್ದರು. ಅವರ ಅಧಿಕಾರಿಗಳಲ್ಲಿ ಒಬ್ಬರಾದ ಮೇಜರ್ ವಿಜಯ್ ರತ್ತನ್ ಚೌಧರಿ ಆ ಕೆಲಸದಲ್ಲಿಯೇ ಮಡಿದು ಮರಣೋತ್ತರ ಮಹಾವೀರ ಚಕ್ರಕ್ಕೆ ಪಾತ್ರರಾದರು. ನನ್ನ ಚಿಕ್ಕಪ್ಪ ಮಡಿದದ್ದೂ ಅದೇ ರಾತ್ರಿ, ಅಂಥದೇ ಒಂದು ದಾರಿಯನ್ನು ತೆರೆಯುವಾಗ.

ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಮರುದಿನ ರಾತ್ರಿ ಪಶ್ಚಿಮದಲ್ಲಿಯೂ ಕದನ ನಿಂತಿತು. ದಾವಣಗೆರೆಯಲ್ಲಿ ಪಟಾಕಿ ಹೊಡೆದರು, ಗಿರಣಿಯ ಕಾರ್ಮಿಕರು ಮೆರವಣಿಗೆ ಮಾಡಿದರು, ಅಪ್ಪ ಅಲ್ಲಿಂದ ಬೂಂದಿ ಲಾಡಿನ ಪೊಟ್ಟಣ ಕಟ್ಟಿಸಿಕೊಂಡು ಊರಿಗೆ ಬಂದರು. ಯುದ್ಧ ಮುಗಿಯಿತು, ಇನ್ನು ಅವನು ರಜೆಗೆ ಬರುತ್ತಾನೆ ಎಂಬ ಲೆಕ್ಕದಲ್ಲಿ ಮನೆಯವರಿದ್ದರು. ತಂತಿ ಬಂದದ್ದು ಆ ಮೇಲೆ. ಅಂಚೆಯವರು ಅದನ್ನು ಮನೆಗೆ ತರುವ ಮೊದಲು ಶಾಲೆಯ ಮೇಷ್ಟರ ಬಳಿ ಒಯ್ದು ಓದಿಸಿ, ಅವರನ್ನೂ ಜೊತೆಗೆ ಕರೆದುಕೊಂಡು ಬಂದರು. ಇಬ್ಬರೂ ಒಟ್ಟಿಗೆ ಬರುವುದನ್ನು ಜಗುಲಿಯಿಂದ ಕಂಡ ದೊಡ್ಡಜ್ಜಿಗೆ ತಿಳಿಯಿತು. ಚಿಕ್ಕಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮದುವೆಯಾಗಿ ಎರಡನೆಯ ವರ್ಷ, ಅವರ ವಯಸ್ಸು ಇಪ್ಪತ್ತು ದಾಟಿರಲಿಲ್ಲ.

ಆ ಕಾಲದಲ್ಲಿ ಮಡಿದ ಸೈನಿಕರ ದೇಹವನ್ನು ಊರಿಗೆ ಕಳುಹಿಸುವ ರೂಢಿ ಇರಲಿಲ್ಲ. ಕದನ ನಡೆದ ಕಡೆಯಲ್ಲಿಯೇ ಸಂಸ್ಕಾರ ಮಾಡುತ್ತಿದ್ದರು; ಮನೆಗೆ ತಂತಿ ಬರುತ್ತಿತ್ತು, ಆಮೇಲೆ ಕಮಾಂಡಿಂಗ್ ಆಫೀಸರರ ಪತ್ರ ಬರುತ್ತಿತ್ತು, ಅದಾದ ಮೇಲೆ ಟ್ರಂಕು ಬರುತ್ತಿತ್ತು. ಚಿಕ್ಕಪ್ಪನ ಟ್ರಂಕಿನಲ್ಲಿ ಬಟ್ಟೆಬರೆಯ ಜೊತೆಗೆ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಹಿಂದಿಯ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಎದುರಿಗೆ ಅರ್ಥ ಬರೆದುಕೊಂಡಿದ್ದರು. ಹಿಂದಿನ ಪುಟಗಳಲ್ಲಿ ಲೆಕ್ಕ: ಜಗಳೂರಿನ ಅಂಗಡಿಗೆ ಕೊಡಬೇಕಾದದ್ದು, ಅಣ್ಣನಿಗೆ ಕಳುಹಿಸಿದ್ದು, ದೊಡ್ಡಮ್ಮನಿಗೆ ಕಂಬಳಿ ಕೊಳ್ಳಲು ಎತ್ತಿಟ್ಟದ್ದು. 56 ಎ.ಪಿ.ಓ. ಎಂಬ ಸೇನಾ ಅಂಚೆಯ ವಿಳಾಸದಿಂದ ಬರುತ್ತಿದ್ದ ಅವರ ಪತ್ರಗಳಲ್ಲಿ ಯುದ್ಧದ ಮಾತೇ ಇರುತ್ತಿರಲಿಲ್ಲ, ಚಳಿಯ ಮಾತು ಮತ್ತು ಹೊಲದ ಮಾತು ಇರುತ್ತಿದ್ದವು. ಅವರು ಹೇಗಿದ್ದರು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಆ ಲೆಕ್ಕದ ಪುಟಗಳನ್ನು ತೋರಿಸುತ್ತೇನೆ. ಅಂಗಡಿಯ ಸಾಲವನ್ನು ಗಡಿಯಲ್ಲಿ ಕುಳಿತು ನೆನಪಿಟ್ಟುಕೊಂಡಿದ್ದ ಮನುಷ್ಯ ಅವರು. ಆ ಸಾಲವನ್ನು ಅಪ್ಪ ತೀರಿಸಿದರು.

ಮುಂದಿನ ಮಹಾಲಯಕ್ಕೆ ಚಿಕ್ಕಪ್ಪನ ಎಡೆಯ ಅಡುಗೆಯನ್ನು ದೊಡ್ಡಜ್ಜಿಯೇ ಮಾಡಿದರು. ಹೋಳಿಗೆಯನ್ನು ತಟ್ಟಿ ಬೇಯಿಸಿ, ತಮ್ಮ ಕೈಯಾರೆ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಬಂದು ನಿಂತರು. ಆಗ ಯಾರೋ ನೆಂಟರು ಮೆಲ್ಲಗೆ, ಇವನಿಗೆ ಹಾಕಿದ ಮೇಲೆ ಅವರಿಗೂ ಒಂದು ಎಲೆ ಹಾಕಬಹುದಲ್ಲ ಎಂದು ಕೇಳಿದರು. ದೊಡ್ಡಜ್ಜಿ ಹೇಳಿದ್ದು ಇಷ್ಟೇ: "ಅವ್ನದು ತಂತಿ ಬಂದೈತೆ. ಇವ್ರದು ಬಂದಿಲ್ಲ." ಈ ಮಾತನ್ನು ಅಪ್ಪ ನನಗೆ ಹಲವು ಸಲ ಹೇಳಿದ್ದಾರೆ, ಪ್ರತಿ ಸಲವೂ ಅವರ ಧ್ವನಿ ನಡುವೆ ನಿಲ್ಲುತ್ತದೆ. ಬುದ್ಧಿ ಸ್ಥಿಮಿತವಿಲ್ಲದೆ ಕಾಯುತ್ತಿದ್ದ ಹೆಂಗಸೆಂದು ದೊಡ್ಡಜ್ಜಿಯನ್ನು ಕೆಲವರು ತಿಳಿದಿದ್ದರು. ಆದರೆ ಅವರು ಕೇಳುತ್ತಿದ್ದದ್ದು ಸಾಕ್ಷ್ಯವನ್ನು. ಕರೆದೊಯ್ದ ಸರ್ಕಾರವೇ ಬಂದು, ನಿಮ್ಮವರು ಇಂಥ ದಿನ ಇಂಥ ಕಡೆ ತೀರಿಕೊಂಡರು ಎಂದು ಹೇಳಬೇಕು. ಹೇಳುವ ತನಕ ನಾನು ನಂಬುವುದಿಲ್ಲ ಎಂಬುದು ನ್ಯಾಯವಾದ ಹಟ.

ಅವರು ತೀರಿಕೊಂಡದ್ದು ಎಂಬತ್ತರ ದಶಕದಲ್ಲಿ. ಮುತ್ತೈದೆಯೆಂದು ಹಸಿರು ಬಳೆ ತೊಡಿಸಿ ಕಳುಹಿಸಬೇಕೋ ಬೇಡವೋ ಎಂದು ಅಂಗಳದಲ್ಲಿ ಹಿರಿಯರು ವಾದ ಮಾಡಿದರು. ನನ್ನ ಅಜ್ಜಿ ಯಾರನ್ನೂ ಕೇಳದೆ ಬಳೆಗಾರರ ಮನೆಗೆ ಆಳು ಕಳುಹಿಸಿದರು. ಆ ವರ್ಷದ ಮಹಾಲಯದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಎಡೆ ಬಿತ್ತು.

ಇದೆಲ್ಲ ಆಗಿ ಎಷ್ಟೋ ವರ್ಷಗಳ ನಂತರ ನಾನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳನ್ನು ಅಂತರ್ಜಾಲದಲ್ಲಿ ಹುಡುಕತೊಡಗಿದೆ. ಈ ಆಯೋಗ 1917ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿರುವಾಗಲೇ, ಫೇಬಿಯನ್ ವೇರ್ ಎಂಬುವರ ಪ್ರಯತ್ನದಿಂದ ಹುಟ್ಟಿತು. ಮಡಿದ ಪ್ರತಿಯೊಬ್ಬನ ಹೆಸರೂ ಸಮಾಧಿಯ ಕಲ್ಲಿನ ಮೇಲೋ ಸ್ಮಾರಕದ ಮೇಲೋ ಇರಬೇಕು, ಹುದ್ದೆ ಮತ ಜನಾಂಗದ ಭೇದ ಕೂಡದು ಎಂಬುದು ಅದರ ನಿಯಮ. ಎರಡೂ ಮಹಾಯುದ್ಧಗಳ ಸುಮಾರು 17 ಲಕ್ಷ ಮಂದಿಯ ಹೆಸರು ಅದರ ದಾಖಲೆಯಲ್ಲಿವೆ. ದೊಡ್ಡಜ್ಜನ ಹೆಸರನ್ನು ನಾವು ಬರೆಯುವಂತೆ ಬರೆದರೆ ಏನೂ ಸಿಗಲಿಲ್ಲ. ಚಿತ್ರದುರ್ಗ ಎಂದು ಬರೆದರೂ ಸಿಗಲಿಲ್ಲ. ನಮ್ಮ ಊರು ಈಗ ದಾವಣಗೆರೆ ಜಿಲ್ಲೆಯಲ್ಲಿದೆ, 1997ರ ತನಕ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಬ್ರಿಟಿಷರ ಕಾಗದಗಳಲ್ಲಿ ಆ ಜಿಲ್ಲೆ ಚಿತಲ್‌ಡ್ರೂಗ್. ಆ ಹಳೆಯ ಕಾಗುಣಿತವನ್ನು ಹಾಕಿ, ದಳದ ಹೆಸರನ್ನು ಹಾಕಿ ಹುಡುಕಿದಾಗ ದೊಡ್ಡಜ್ಜ ಸಿಕ್ಕರು. ಸಿಪಾಯಿ ಎಂಬ ಹುದ್ದೆ, ಸೇವಾ ಸಂಖ್ಯೆ, 1943ರ ಒಂದು ದಿನಾಂಕ, ಸಿಂಗಾಪುರ ಸ್ಮಾರಕದಲ್ಲಿ ಹೆಸರಿರುವ ಕಂಬದ ಸಂಖ್ಯೆ. ಕೊನೆಯಲ್ಲಿ, ಇಂಥವರ ಮಗ, ಇಂಥವರ ಗಂಡ, ಇಂಥ ಊರಿನವರು ಎಂಬ ಸಾಲು. ಆ ಸಾಲಿನಲ್ಲಿ ದೊಡ್ಡಜ್ಜಿಯ ಹೆಸರಿತ್ತು.

ತಂತಿ ಬರಲಿಲ್ಲವೆಂದು ಜೀವಮಾನವಿಡೀ ಒಪ್ಪದೆ ಕುಳಿತಿದ್ದ ಹೆಂಗಸಿನ ಹೆಸರು, ಗಂಡನ ಸಾವಿನ ದಿನಾಂಕದ ಪಕ್ಕದಲ್ಲಿ, ಅವರು ಬದುಕಿದ್ದಾಗಲೇ ಒಂದು ರಿಜಿಸ್ಟರಿನಲ್ಲಿ ಬರೆದು ಇಡಲಾಗಿತ್ತು. ಸಿಂಗಾಪುರದ ಕ್ರಾಂಜಿಯಲ್ಲಿರುವ ಆ ಸ್ಮಾರಕ 1957ರ ಮಾರ್ಚ್ 2ರಂದು ಉದ್ಘಾಟನೆಯಾಯಿತು. ಗೋರಿ ಎಲ್ಲಿದೆಯೆಂದು ತಿಳಿಯದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಅದರ ಕಂಬಗಳ ಮೇಲೆ ಕೆತ್ತಿದ್ದಾರೆ. ಧರ್ಮದ ಪ್ರಕಾರ ದಹನವಾದ ಸುಮಾರು 800 ಮಂದಿಗೆ, ಹೆಚ್ಚಿನವರು ಭಾರತೀಯರು, ಅಲ್ಲಿಯೇ ಬೇರೆ ಸ್ಮಾರಕವಿದೆ. ಆ ಸುದ್ದಿ ಜಗಳೂರು ಸೀಮೆಯ ಒಂದು ಜಗುಲಿಗೆ ತಲುಪಲಿಲ್ಲ. ತಲುಪಿಸಬೇಕಾದವರು ಯಾರು? ಯುದ್ಧಕ್ಕೆ ಕರೆದೊಯ್ದ ಸಾಮ್ರಾಜ್ಯ ಹೊರಟುಹೋಗಿತ್ತು, ಕಳುಹಿಸಿಕೊಟ್ಟ ಸಂಸ್ಥಾನ ವಿಲೀನವಾಗಿತ್ತು, ಹೊಸ ದೇಶಕ್ಕೆ ತನ್ನದೇ ನೂರು ಕಷ್ಟಗಳಿದ್ದವು. ಎರಡನೆಯ ಮಹಾಯುದ್ಧದಲ್ಲಿ ಸೇವೆ ಮಾಡಿದ 25 ಲಕ್ಷ ಭಾರತೀಯರಲ್ಲಿ ಸತ್ತವರು ಸುಮಾರು 87,000 ಎಂದು ಎಣಿಕೆಯಿದೆ. ಅವರ ಮನೆಗಳಲ್ಲಿ ಇಂಥ ಎಷ್ಟು ಜಗುಲಿಗಳಿದ್ದವೋ!

ಆ ಆಯೋಗವನ್ನು ನಾನು ಸುಮ್ಮನೆ ಹೊಗಳಲಾರೆ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಸತ್ತವರಿಗಾಗಿ ಬಸ್ರಾದಲ್ಲಿ ಕಟ್ಟಿದ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿ, ಭಾರತದ ಸಾಮಾನ್ಯ ಸಿಪಾಯಿಗಳನ್ನು ದಳವಾರು ಸಂಖ್ಯೆಯಾಗಿ ಮಾತ್ರ ನಮೂದಿಸಿದರು. ಏಷ್ಯಾ ಮತ್ತು ಆಫ್ರಿಕಾದ ಅಂಥ ಸಾವಿರಾರು ಮಂದಿಗೆ ಸಮಾನ ಗೌರವ ಸಿಗಲಿಲ್ಲವೆಂದು 2021ರಲ್ಲಿ ಆಯೋಗವೇ ವರದಿ ಪ್ರಕಟಿಸಿ ಕ್ಷಮೆ ಕೇಳಿತು. ದೆಹಲಿಯ ಇಂಡಿಯಾ ಗೇಟ್‌ನಲ್ಲಿಯೂ ಆ ಯುದ್ಧದಲ್ಲಿ ಮಡಿದ ಭಾರತೀಯರು ಸುಮಾರು 74,000 ಮಂದಿಯಾದರೂ 13,000 ಚಿಲ್ಲರೆ ಹೆಸರುಗಳಷ್ಟೇ ಇವೆ. ನಮ್ಮ ಮೈಸೂರಿನ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದದ್ದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಅವರು ಹೋರಾಡಿದ್ದೂ ಅದೇ ಸಾಮ್ರಾಜ್ಯಕ್ಕಾಗಿ. ಗೆದ್ದವರನ್ನು ನಮ್ಮವರೆಂದು, ಸೋತು ಸೆರೆಯಾಗಿ ಹಸಿವಿನಿಂದ ಸತ್ತವರನ್ನು ಪರರ ಕೂಲಿಗಳೆಂದು ಬಗೆಯುವುದಾದರೆ, ನಾವು ಗೌರವಿಸುತ್ತಿರುವುದು ಗೆಲುವನ್ನೇ ಹೊರತು ಸತ್ತವರನ್ನಲ್ಲ.

ನಮ್ಮ ಊರಿನ ಆಂಜನೇಯನ ಗುಡಿಯ ಪಕ್ಕದಲ್ಲಿ ಎರಡು ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲಿನದರಲ್ಲಿ ಲಿಂಗದ ಎದುರು ಕುಳಿತ ವೀರ. ಚಿತ್ರದುರ್ಗ ಸೀಮೆಯಲ್ಲಿ ಇಂಥ ಕಲ್ಲುಗಳಿಗೆ ಬರವಿಲ್ಲ. ದುರ್ಗದ ಬಳಿಯ ತಮಟಕಲ್ಲಿನ ಶಾಸನ, ಕನ್ನಡದ ಅತಿ ಹಳೆಯ ಪದ್ಯಶಾಸನಗಳಲ್ಲಿ ಒಂದೆನಿಸಿದ್ದು, ಗುಣಮಧುರನೆಂಬ ವೀರನನ್ನು ಹೊಗಳುವಂಥದ್ದು. ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆಯೇಕೆ ಎಂಬರ್ಥದ ಶ್ಲೋಕವನ್ನು ಅನೇಕ ವೀರಗಲ್ಲುಗಳಲ್ಲಿ ಕೆತ್ತಿದ್ದಾರೆ. ಆ ಶ್ಲೋಕ ನನ್ನ ಮನಸ್ಸಿಗೆ ಹಿಡಿಸುವುದಿಲ್ಲ. ಅದರಲ್ಲಿ ಮನೆಯಲ್ಲಿ ಉಳಿದವಳ ಸುದ್ದಿಯೇ ಇಲ್ಲ. ಆದರೆ ಆ ಕಲ್ಲುಗಳ ಬರಹದಲ್ಲಿ ನಾನು ತಲೆಬಾಗುವ ಒಂದು ಪದ್ಧತಿ ಇದೆ. ಸತ್ತವನು ಯಾರು, ಯಾವ ಊರಿನ ಯಾವ ಕಾಳಗದಲ್ಲಿ, ತುರುಗಳನ್ನು ಕಾಯುವಾಗಲೋ ಊರನ್ನು ಉಳಿಸುವಾಗಲೋ ಸತ್ತ ಎಂಬುದನ್ನು ಹೇಳಿ, ಆ ಕಲ್ಲನ್ನು ನಿಲ್ಲಿಸಿದವರು ಯಾರು ಎಂಬುದನ್ನೂ ಎಷ್ಟೋ ಕಡೆ ಹೇಳುತ್ತಾರೆ: ಮಗ, ತಮ್ಮ, ಹೆಂಡತಿ. ಸತ್ತವನ ಮನೆಯವರಿಗೆ ಭೂಮಿಯನ್ನು ನೆತ್ತರುಗೊಡಗೆಯಾಗಿ ಬಿಟ್ಟದ್ದನ್ನೂ ಬರೆಯುತ್ತಾರೆ. ಯಾರ ಪರವಾಗಿ ಹೋರಾಡಿದ, ಆ ಅರಸನ ವಂಶ ಉಳಿಯಿತೇ ಅಳಿಯಿತೇ ಎಂದು ನೋಡಿ ಯಾವ ಊರಿನವರೂ ವೀರಗಲ್ಲನ್ನು ಕಿತ್ತು ಹಾಕಲಿಲ್ಲ. ಗಂಗರು, ನೊಳಂಬರು, ಚಾಲುಕ್ಯರು, ಹೊಯ್ಸಳರು ಎಲ್ಲರೂ ಹೋದರು. ಕಲ್ಲಿಗೆ ಎಣ್ಣೆ ಹಚ್ಚುವವರು ಮಾತ್ರ ಈಗಲೂ ಇದ್ದಾರೆ.

1999ರಲ್ಲಿ ಕಾರ್ಗಿಲ್ ಯುದ್ಧವಾದಾಗ ಮಡಿದ 527 ಸೈನಿಕರಲ್ಲಿ ಹೆಚ್ಚಿನವರ ದೇಹಗಳನ್ನು ಅವರವರ ಊರುಗಳಿಗೆ ಕಳುಹಿಸಿದರು. ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ಹಳ್ಳಿಯ ದಾರಿಯಲ್ಲಿ ಬರುವುದನ್ನು ಜನ ದೂರದರ್ಶನದಲ್ಲಿ ಕಂಡದ್ದು ಆಗಲೇ. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ನೋಡುತ್ತಿದ್ದಾಗ ಚಿಕ್ಕಮ್ಮ ಎದ್ದು ಹಿತ್ತಲಿಗೆ ಹೋದರು. ಆಮೇಲೆ, ಆ ಹೆಣ್ಣುಮಕ್ಕಳಿಗೆ ಮುಖವಾದರೂ ನೋಡಲು ಸಿಕ್ಕಿತು ಎಂದರು. ಅಂದಿನಿಂದ ಮಡಿದ ಸೈನಿಕರ ಬಗ್ಗೆ ಊರುಗಳ ಗೌರವ ಹೆಚ್ಚಿದೆ ಎಂಬುದು ನಿಜ. ಸೇನಾ ಧ್ವಜ ದಿನಾಚರಣೆಗೆ, ಡಿಸೆಂಬರ್ 7ಕ್ಕೆ, ಚಿಕ್ಕಮ್ಮನನ್ನು ಕರೆದು ಶಾಲು ಹೊದಿಸುತ್ತಾರೆ. ಒಮ್ಮೆ ಅಂಥ ಸಭೆಯಲ್ಲಿ ಚಿಕ್ಕಪ್ಪನ ಹೆಸರನ್ನು ತಪ್ಪಾಗಿ ಓದಿದರು. ಚಿಕ್ಕಮ್ಮ ವೇದಿಕೆಯ ಮೇಲೆಯೇ ಮೈಕಿನ ಹತ್ತಿರ ಹೋಗಿ ಸರಿಯಾಗಿ ಹೇಳಿ ಬಂದು ಕುಳಿತರು. ಪಿಂಚಣಿಗಾಗಿ, ಮಂಜೂರಾದ ಜಮೀನಿಗಾಗಿ ವರ್ಷಗಟ್ಟಲೆ ಕಚೇರಿಗಳಿಗೆ ಅಲೆದಾಗಲೂ ದನಿ ಎತ್ತದಿದ್ದವರು ಅವರು.

ಅವರನ್ನು ದೆಹಲಿಗೆ ಕರೆದುಕೊಂಡು ಹೋಗಿದ್ದೆವು. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ, ತ್ಯಾಗ ಚಕ್ರವೆಂಬ ಸುತ್ತುಗೋಡೆಗಳಲ್ಲಿ, ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಒಂದೊಂದು ಗ್ರಾನೈಟ್ ಇಟ್ಟಿಗೆಯ ಮೇಲೆ ಕೆತ್ತಿದ್ದಾರೆ. ಚಿಕ್ಕಮ್ಮನಿಗೆ ಆ ಅಕ್ಷರ ಓದಲು ಬರುವುದಿಲ್ಲ. ನಾವು ತೋರಿಸಿದ ಇಟ್ಟಿಗೆಯ ಮೇಲೆ ಕೈಯಿಟ್ಟು, ಅದರ ಅಕ್ಕಪಕ್ಕದ ಹೆಸರುಗಳನ್ನೂ ಓದಿ ಹೇಳೆಂದರು. ಓದಿದೆ. ಇವರೆಲ್ಲ ಯಾವ ಊರಿನವರೋ, ಇವರ ಮನೆಯವರು ಬಂದು ನೋಡಿದ್ದಾರೋ ಇಲ್ಲವೋ ಎಂದು ಹೇಳಿ ಆ ಹೆಸರುಗಳ ಮೇಲೂ ಕೈಯಾಡಿಸಿದರು. ಕ್ರಾಂಜಿಗೆ ನಮ್ಮ ಮನೆಯಿಂದ ಇನ್ನೂ ಯಾರೂ ಹೋಗಿಲ್ಲ; ಹೋಗಬೇಕೆಂಬ ಆಸೆ ಅಪ್ಪನಿಗಿದೆ, ಎಂಬತ್ತು ದಾಟಿದ ಅವರ ಆರೋಗ್ಯ ಒಪ್ಪಬೇಕು.

ದಾಖಲೆಯಲ್ಲಿ ದೊಡ್ಡಜ್ಜನ ಸಾವಿನ ದಿನಾಂಕ ಸಿಕ್ಕಿದ ಮೇಲೆ, ಇನ್ನು ಮುಂದೆ ಆ ದಿನದಂದೇ ಎಡೆ ಹಾಕಬೇಕೇ ಎಂಬ ಚರ್ಚೆ ಮನೆಯಲ್ಲಿ ನಡೆಯಿತು. ಹೆಂಡತಿಯೊಂದಿಗೆ ಒಟ್ಟಿಗೆ ಉಣ್ಣುತ್ತಿರುವವರನ್ನು ಬೇರೆ ಮಾಡುವುದು ಬೇಡ ಎಂದು ಅಪ್ಪ ತೀರ್ಮಾನ ಕೊಟ್ಟರು. ಆ ದಿನಾಂಕವನ್ನು ಮಾತ್ರ ಮನೆಯ ಹಳೆಯ ಲೆಕ್ಕದ ಪುಸ್ತಕದಲ್ಲಿ, ಚಿಕ್ಕಪ್ಪನ ದಿನಾಂಕದ ಮೇಲಿನ ಸಾಲಿನಲ್ಲಿ, ಇಬ್ಬರ ಸೇವಾ ಸಂಖ್ಯೆ ಮತ್ತು ದಳದ ಹೆಸರಿನೊಂದಿಗೆ ಬರೆದಿಟ್ಟಿದ್ದೇವೆ.

ಇದನ್ನು ಓದುವವರಲ್ಲಿ ಚಿತ್ರದುರ್ಗ, ದಾವಣಗೆರೆ ಕಡೆಯವರು ಯಾರಾದರೂ ಇದ್ದು, ಮನೆಯಲ್ಲಿ ಸಿಪಾಯಿಯಾಗಿ ಹೋಗಿ ಬರಲೇ ಇಲ್ಲ ಎಂಬ ಮಾತು ಕೇಳಿದ್ದರೆ, ಈಗಲೇ ಹಿರಿಯರನ್ನು ಕೇಳಿ ಊರಿನ ಹೆಸರು, ತಂದೆಯ ಹೆಸರು, ಹೆಂಡತಿಯ ಹೆಸರು, ದಳದ ಹೆಸರು ಬರೆದುಕೊಳ್ಳಿ. ಸೈನ್ಯದ ಕಾಗದ, ಪದಕ, ಪಿಂಚಣಿ ಪುಸ್ತಕ ಏನಾದರೂ ಇದ್ದರೆ ಅದರಲ್ಲಿರುವ ಸೇವಾ ಸಂಖ್ಯೆ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಹೆಸರು ಹತ್ತು ಬಗೆಯಲ್ಲಿ ಕೆಟ್ಟಿರುತ್ತದೆ, ಸಂಖ್ಯೆ ಹಾಗೆ ಕೆಡುವುದು ಕಡಿಮೆ. ಜಿಲ್ಲೆಯ ಹಳೆಯ ಕಾಗುಣಿತವನ್ನು ಹಾಕಿ ಹುಡುಕುವುದನ್ನು ಮರೆಯಬೇಡಿ. ನಮ್ಮ ದೊಡ್ಡಜ್ಜನ ದಾಖಲೆಯಲ್ಲಿಯೂ ಅವರ ತಂದೆಯ ಹೆಸರು ಗುರುತು ಸಿಗದಷ್ಟು ತಪ್ಪಾಗಿದೆ, ದೊಡ್ಡಜ್ಜಿಯ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಸಾಕ್ಷ್ಯ ಒದಗಿಸಿದರೆ ಆಯೋಗ ತಿದ್ದುಪಡಿಯನ್ನು ಪರಿಶೀಲಿಸುತ್ತದೆ. ಊರಿನ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ದೊಡ್ಡಜ್ಜನ ಮತ್ತು ಅವರ ತಂದೆಯ ಹೆಸರಿರುವ ಪುಟದ ಪ್ರತಿಯನ್ನೂ ದೊಡ್ಡಜ್ಜಿಯ ಪಿಂಚಣಿ ಪುಸ್ತಕದ ಪ್ರತಿಯನ್ನೂ ಇಂಗ್ಲಿಷ್ ಅನುವಾದದೊಂದಿಗೆ ಕಳುಹಿಸಿದ್ದೇನೆ. ಉತ್ತರ ಬಂದ ಮೇಲೆ, ಅದು ಏನೇ ಇರಲಿ, ಇಲ್ಲಿಯೇ ಬರೆಯುತ್ತೇನೆ.